ಮೆಟ್ಟಿಲ ಹೊತ್ತು

ಕೊನೆಯ ಪಾಠದ ಗಂಟೆ ಇನ್ನೂ ಬಾರಿಸಿರಲಿಲ್ಲ. ಮಹಿಳಾ ಕಾಲೇಜಿನ ದೊಡ್ಡ ಮೆಟ್ಟಿಲುಗಳ ಕೆಳಗಿನ ಚಿಕ್ಕ ಕೋಣೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕಿ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತು, ಅದರ ಕೆಂಪು ದೀಪಗಳು ಹೊತ್ತಿಕೊಳ್ಳುವುದನ್ನೇ ಕಾಯುತ್ತಿದ್ದಳು. ಸದಾ ತಂತಿ, ಇಕ್ಕಳಗಳ ಸಹವಾಸದಲ್ಲಿರುವ ಅವಳಿಗೆ ಹುಡುಗಿಯರು ವಯರ್ ಮೇಡಂ ಎಂದು ಹೆಸರಿಟ್ಟಿದ್ದರು. ಇಂದು ಆ ಪಳಗಿದ ಕೈ ಒಂದೇ ಪ್ಲಗ್ಗನ್ನು ಎರಡೆರಡು ಸಲ ಒತ್ತಿ ನೋಡುತ್ತಿತ್ತು. ಅದರ ಕಾರಣ ಬೆನ್ನ ಹಿಂದೆಯೇ ಕುರ್ಚಿ ಎಳೆದುಕೊಂಡು ಕುಳಿತಿತ್ತು: ಹೊಸ ಪ್ರಿನ್ಸಿಪಾಲರು. ಈ ಕೋಣೆಗೆ ಬೀಗ ಬೀಳಬೇಕೋ ಬೇಡವೋ ಎಂಬುದನ್ನು ಅವರು ಇಂದೇ ತೀರ್ಮಾನಿಸಲಿದ್ದರು.

ಪ್ರತಿ ಬುಧವಾರ ಇಲ್ಲಿ ನಡೆಯುವುದಕ್ಕೆ ಮೆಟ್ಟಿಲ ಹೊತ್ತು ಎಂದು ಹೆಸರು. ಮೆಟ್ಟಿಲ ತಿರುವಿನಲ್ಲಿ ಒಂದು ಮೈಕು ತೂಗುತ್ತದೆ. ಗಂಟೆ ಬಾರಿಸಿದೊಡನೆ ಇಡೀ ಕಾಲೇಜು ದಡದಡನೆ ಕೆಳಗಿಳಿಯುತ್ತದೆ. ಎಂದೋ ಇಲ್ಲಿ ಓದಿ ಎಲ್ಲೆಲ್ಲೋ ಚದುರಿಹೋದ ಹೆಣ್ಣುಮಕ್ಕಳು ಆ ಹೊತ್ತಿಗೆ ಫೋನ್ ಮಾಡಿ, ಆ ಸದ್ದನ್ನು ಕೇಳಿ, ಸುಮ್ಮನೆ ಇಟ್ಟುಬಿಡುತ್ತಾರೆ. ನಿಯಮ ಒಂದೇ: ಕೇಳುವವರು ಮಾತನಾಡುವಂತಿಲ್ಲ, ಅವರನ್ನು ಯಾರೂ ಮಾತನಾಡಿಸುವಂತಿಲ್ಲ.

ಇದನ್ನು ಆರಂಭಿಸಿದವಳೇ ವಯರ್ ಮೇಡಂ. ಅವಳೂ ಇದೇ ಕಾಲೇಜಿನ ಮಗಳು. ಮದುವೆಯಾಗಿ ದೂರದ, ಮಾತಿಲ್ಲದ ಮನೆಯೊಂದರಲ್ಲಿ ಕಳೆದ ವರ್ಷಗಳಲ್ಲಿ, ಸಂಜೆಯ ಮಂಪರಿನಲ್ಲಿ ಅವಳ ಕಿವಿಗೆ ನೆನಪಿನಿಂದ ಬರುತ್ತಿದ್ದುದು ಈ ಕಾಲುಗಳ ಸದ್ದು. ಅದರ ಜೊತೆ ತಾನೂ ಒಂದೊಂದೇ ಮೆಟ್ಟಿಲು ಇಳಿದು ನಿದ್ದೆಗೆ ಜಾರುತ್ತಿದ್ದಳು. ಅಂತಹ ಮನೆಗಳು ಇನ್ನೂ ಎಷ್ಟಿವೆಯೋ ಎಂಬ ಯೋಚನೆ ಅವಳನ್ನು ಇಲ್ಲಿ ತಂದು ಕೂರಿಸಿತ್ತು.

ಒಂದು ದೀಪ ಹೊತ್ತಿತು. ಇನ್ನೊಂದು. ನೋಡುನೋಡುತ್ತಿದ್ದಂತೆ ಬೋರ್ಡಿನ ತುಂಬ ಮಿಣುಕು ಹುಳುಗಳು.

"ದೀಪ ಹೊತ್ತಿದೆ, ಸರಿ," ಎಂದರು ಪ್ರಿನ್ಸಿಪಾಲರು. "ಆ ಕಡೆ ಮನುಷ್ಯರಿದ್ದಾರೆ ಅಂತ ಹೇಗೆ ನಂಬೋದು ಮೇಡಂ? ಫೋನ್ ತೆಗೆದಿಟ್ಟು ಬಟ್ಟೆ ಒಣಗಿಸೋಕೆ ಹೋದ್ರೂ ದೀಪ ಉರೀತಾನೇ ಇರುತ್ತಲ್ಲ."

"ಇದ್ದಾರೆ ಮೇಡಂ."

"ಹಾಗಾದ್ರೆ ಒಂದು ಹಲೋ ಅನ್ನಿಸಿ. ಒಂದೇ ಒಂದು. ನಾನು ಎದ್ದು ಹೋಗ್ತೀನಿ."

"ಅದೊಂದು ಆಗಲ್ಲ. ಮಾತಾಡಿಸಿದ್ರೆ ಮುಂದಿನ ವಾರ ಅರ್ಧ ಜನ ಬರಲ್ಲ. ಈಗೇನ್ಮಾಡ್ತಿದ್ದೀಯ, ಮಕ್ಕಳೆಷ್ಟು, ಕೆಲಸ ಯಾಕೆ ಬಿಟ್ಟೆ... ಇದಕ್ಕೆಲ್ಲ ಹೆದರಿ ತಾನೇ ಅವರು ಹಳೇ ವಿದ್ಯಾರ್ಥಿನಿಯರ ಸಮಾರಂಭ ಬಿಟ್ಟು ಇಲ್ಲಿಗೆ ಬರೋದು?"

"ಒಳ್ಳೇ ದೆವ್ವಗಳ ವಕೀಲರು ನೀವು! ಕಕ್ಷಿದಾರರು ಕಾಣ್ಸಲ್ಲ, ಕೇಳ್ಸಲ್ಲ, ಆದ್ರೂ ತೀರ್ಪು ಮಾತ್ರ ನಿಮ್ಮ ಕಡೆ ಆಗ್ಬೇಕು. ಅಲ್ಲಿ ಅಡ್ಮಿಷನ್ ಆಫೀಸಿನೋರು ಜಾಗವಿಲ್ಲದೆ ಕಾರಿಡಾರಿನಲ್ಲಿ ಕೂತಿದ್ದಾರೆ."

ಅಷ್ಟರಲ್ಲಿ ಗಂಟೆ ಬಾರಿಸಿತು. ಗಡಿಬಿಡಿಯಲ್ಲಿ ಅವಳು ಮೈಕಿನ ಸ್ವಿಚ್ಚನ್ನೇನೋ ಹಾಕಿದಳು. ಪಕ್ಕದ ಸ್ವಿಚ್ಚನ್ನು ಆರಿಸಲು ಮರೆತಳು. ಬೆಳಗಿನ ಪ್ರಕಟಣೆಗಳನ್ನು ಫೋನಿನಿಂದ ಮೆಟ್ಟಿಲ ಗೋಡೆಯ ಸ್ಪೀಕರಿಗೆ ಮುಟ್ಟಿಸುವ ಸ್ವಿಚ್ ಅದು. ಬುಧವಾರ ಅದನ್ನು ಆರಿಸದಿದ್ದರೆ ಏನಾಗುತ್ತದೆಂದು ಈವರೆಗೆ ಯಾರಿಗೂ ತಿಳಿದಿರಲಿಲ್ಲ.

ಮೊದಲ ಹೆಜ್ಜೆಗಳು ಇಳಿದವು. ಮರುಕ್ಷಣ ಗೋಡೆಯೊಳಗಿಂದ ಒಂದು ಹೊಲಿಗೆ ಯಂತ್ರ ಓಡತೊಡಗಿತು.

ಹುಡುಗಿಯರು ನಿಂತರು. ಯಂತ್ರದ ಹಿಂದೆಯೇ ಲೋಟದಲ್ಲಿ ಚಮಚ ತಿರುವುವ ಸದ್ದು ಬಂತು. ನಿದ್ದೆಗಣ್ಣಿನ ಮಗುವಿನ ಗೊಣಗು, ಎಲ್ಲೋ ಅಲೆಗಳ ಮೊರೆತ, ಯಾರದೋ ನಿಧಾನವಾದ ಉಸಿರು. ಒಂದರ ಮೇಲೊಂದು ತೇಲಿ ಬಂದು, ಕಂಡರಿಯದ ಎಷ್ಟೋ ಮನೆಗಳು ಕದ ತೆರೆದುಕೊಂಡು ಆ ಮೆಟ್ಟಿಲ ಮೇಲೆ ಸಾಲಾಗಿ ಕುಳಿತಂತಾಯಿತು.

ವಯರ್ ಮೇಡಂ ಸ್ವಿಚ್ಚಿಗೆ ಕೈ ಚಾಚಿದಳು. ಪ್ರಿನ್ಸಿಪಾಲರು ಆ ಕೈಯನ್ನು ಹಿಡಿದುಕೊಂಡರು. "ತಡೀರಿ."

"ಅವರ ಮನೆ ಸದ್ದು ಹೊರಗೆ ಬಿದ್ದಿದೆ ಮೇಡಂ! ಗೊತ್ತಾದ್ರೆ ಒಬ್ರೂ ಉಳಿಯಲ್ಲ."

"ತಡೀರಿ ಅಂದೆ."

ಮೆಟ್ಟಿಲ ಮೇಲೆ ಈಗ ಒಂದು ಹೆಜ್ಜೆಯೂ ಸದ್ದು ಮಾಡುತ್ತಿರಲಿಲ್ಲ. ಹೆಜ್ಜೆಗಳು ನಿಂತದ್ದು ಫೋನು ಹಿಡಿದವರಿಗೂ ಗೊತ್ತಾಗಿರಬೇಕು. ಬೋರ್ಡಿನ ಮೂಲೆಯ ಒಂದು ದೀಪ ಆರಿತು. ಅದರ ಪಕ್ಕದ್ದೂ ಆರಿತು. ಹೊಲಿಗೆ ಯಂತ್ರ ನಿಂತುಹೋಯಿತು.

"ಯಾಕೆ ಸದ್ದಿಲ್ಲ?" ಬಹಳ ದಿನ ಬಳಸದಂತಿದ್ದ ಒಡಕು ದನಿಯೊಂದು ಗೋಡೆಯಿಂದ ಕೇಳಿತು.

"ಅಯ್ಯೋ, ಇಲ್ಲಿ ಇನ್ನೊಬ್ರು ಇದ್ದಾರಾ?" ಎಂದಿತು ಮತ್ತೊಂದು ದನಿ. ಗೋಡೆಯ ದನಿ ಮೈಕಿಗೂ ಬಿದ್ದು ಎಲ್ಲ ಫೋನುಗಳಿಗೂ ಹೋಗುತ್ತಿತ್ತು.

"ನಾನೂ ಒಬ್ಬಳಿದ್ದೀನಿ. ಹುಡುಗೀರಿಗೆ ಏನಾದ್ರೂ ಆಯ್ತಾ?" ಮೂರನೆಯ ದನಿಯ ಹಿಂದೆ ಅಲೆ ಮೊರೆಯುತ್ತಿತ್ತು.

"ಅದಿರ್ಲಿ," ಒಡಕು ದನಿಗೆ ಧೈರ್ಯ ಬಂತು. "ಕಾಲೆಳೆಯೋ ಹುಡುಗಿ ಎಲ್ಲಿ? ಟಪ್ ಅಂತ ಒಂದು ಹೆಜ್ಜೆ, ಸರ್ರಂತ ಇನ್ನೊಂದು. ಯಾವಾಗ್ಲೂ ಕೊನೇಲಿ ಇಳೀತಿದ್ಲು. ಈಚೆಗೆ ಅವಳ ಸುಳಿವೇ ಇಲ್ಲ. ಹುಷಾರಾಗಿದ್ದಾಳಾ?"

ಮೆಟ್ಟಿಲ ತುದಿಯಲ್ಲಿ ಗುಸುಗುಸು, ತಳ್ಳಾಟ. ಕೊನೆಗೊಬ್ಬಳು ಕೂಗಿದಳು: "ನಾನೇ ಇರ್ಬೇಕು ಅಕ್ಕಾ! ಚಪ್ಪಲಿ ಪಟ್ಟಿ ಕಿತ್ತೋಗಿತ್ತು. ಈಗ ಹೊಸದು ತಗೊಂಡೆ."

"ಥೂ ಕಳ್ಳಿ! ನಾನಿಲ್ಲಿ ಕಾಲಿಗೇನಾಯ್ತೋ ಅಂತ ಒದ್ದಾಡ್ತಿದ್ದೀನಿ, ಇವಳು ಹೊಸ ಚಪ್ಪಲಿ ತಗೊಂಡ್ಲಂತೆ! ಹಳೇದನ್ನ ಎಸೀಬೇಡ ಕಣೇ, ಬುಧವಾರಕ್ಕಾದ್ರೂ ಹಾಕ್ಕೋ."

ಮೆಟ್ಟಿಲ ತುಂಬ ನಗು ಉಕ್ಕಿತು. ಗೋಡೆಯೂ ನಕ್ಕಿತು. ಯಾವ ನಗು ಇಲ್ಲಿಯದು, ಯಾವುದು ಅಲ್ಲಿಯದು ಎಂದು ಬೇರ್ಪಡಿಸುವುದು ವಯರ್ ಮೇಡಮ್ಮಿಗೂ ಸಾಧ್ಯವಾಗಲಿಲ್ಲ. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಪ್ರಿನ್ಸಿಪಾಲರು ಇರಲಿಲ್ಲ.

ಎದ್ದುಹೋದವರು ಏನು ನಿರ್ಧರಿಸಿದರು? ಅವಳು ಕಿವಿ ನಿಮಿರಿಸಿದಳು. ತಲೆಯ ಮೇಲೆ ಗಡುಸಾದ ಷೂಗಳು ಮೆಟ್ಟಿಲು ಹತ್ತಿದವು, ತುದಿ ಮುಟ್ಟಿ ನಿಂತವು. ಆಮೇಲೆ ಬೇಕೆಂದೇ ಒಂದೊಂದು ಹೆಜ್ಜೆಯನ್ನೂ ಊರಿ ಊರಿ ಇಳಿಯತೊಡಗಿದವು.

"ಇದ್ಯಾರು? ಹೊಸ ಹೆಜ್ಜೆ," ಎಂದಿತು ಅಲೆಗಳ ನಡುವಿನ ದನಿ.

"ಹಿಮ್ಮಡಿ ಕುಟ್ಟೋದು ನೋಡಿದ್ರೆ ಯಾರೋ ಬೈಯೋ ಕೆಲಸದೋರೇ ಇರ್ಬೇಕು," ಎಂದಿತು ಒಡಕು ದನಿ.

ಹುಡುಗಿಯರು ಬಾಯಿಗೆ ಸೆರಗು, ಪುಸ್ತಕ, ಕೈಗೆ ಸಿಕ್ಕಿದ್ದನ್ನು ಒತ್ತಿಕೊಂಡರು. ಹೆಜ್ಜೆಗಳು ಮೈಕಿನ ಬಳಿ ನಿಂತವು.

"ಹೆಸರು ಹೇಳಲ್ಲ, ನಿಯಮ ಮುರಿಯೋದು ಬೇಡ," ಎಂದರು ಪ್ರಿನ್ಸಿಪಾಲರು. "ಮುಂದಿನ ಬುಧವಾರ ಮತ್ತೆ ಇಳೀತೀನಿ, ಅದರ ಮುಂದಿನದೂ ಇಳೀತೀನಿ. ಕೇಳಿ ಕೇಳಿ ನೀವೇ ಗುರುತು ಹಿಡೀರಿ." ಅನಂತರ ದನಿಯೇರಿಸಿದರು: "ಏನ್ರೇ ಗೊಂಬೆಗಳ ಹಾಗೆ ನಿಂತಿದ್ದೀರಿ? ಅಕ್ಕಂದಿರು ಕಾಯ್ತಿದ್ದಾರೆ, ಇಳೀರಿ!"

ಕೆಳಗಿನ ಕೋಣೆಯಲ್ಲಿ ವಯರ್ ಮೇಡಂ ಕಣ್ಣು ಮುಚ್ಚಿದಳು. ಅವಳ ತಲೆಯ ಮೇಲೆ ಇಡೀ ಕಾಲೇಜು ದಡದಡನೆ ಇಳಿಯಿತು.