ಎಡಗೈ ತಾನೆ

ಹಾರ್ನ್ ಹೊಡೆದುಕೊಂಡು ಹೋದದ್ದು ಬೆಳಗೊಳದ ಬಸ್ಸೇ ಇರಬೇಕು, ಕಿಟಕಿ ಗುಂಯ್ ಎನ್ನುತ್ತದೆ, ಕಿಟಕಿಯೋ ನನ್ನ ತಲೆಯೋ — ನೋವಿಗೆ ಕೊಟ್ಟ ಆ ಬಿಳಿ ಮಾತ್ರೆ ನುಂಗಿದರೆ ಹೀಗೇ, ಮಂಚ ನಿಧಾನಕ್ಕೆ ಕೆರೆಯ ನೀರಿಗೆ ಇಳಿಯುತ್ತದೆ, ಎಡಗೈ ಮಾತ್ರ ದಿಂಬಿನ ಮೇಲೆ ಯಾರದೋ ಕೈಯಂತೆ ಬಿದ್ದಿದೆ, ಒಳಗೆ ಪ್ಲೇಟಂತೆ, ಸ್ಕ್ರೂ ಅಂತೆ, ಬಾಗಿಲಿಗೆ ಹಾಕುವಂಥದ್ದು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿದ್ದಷ್ಟೇ ನೆನಪು, ಆಮೇಲೆ ಹಾಸನದ ಆಸ್ಪತ್ರೆ, ಕೊರಳಲ್ಲಿರೋದೆಲ್ಲ ಬಿಚ್ಚಿಕೊಡಿ ಅಂದಳು ನರ್ಸಮ್ಮ, ತಾಳಿ ಕೊಟ್ಟೆ, ಲಿಂಗ ಕೊಡುತ್ತೇನೆಯೆ, ಬಟ್ಟೆ ಚೂರಿನಲ್ಲಿ ಸುತ್ತಿ ತುರುಬಿನೊಳಗೆ ಸಿಕ್ಕಿಸಿ ಮೇಲೆ ಅವರ ಹಸಿರು ಟೋಪಿ ಹಾಕಿಕೊಂಡು ಏನೂ ಅರಿಯದವಳ ಹಾಗೆ ಮಲಗಿದೆ, ಈಗಲೂ ನಗು ಬರುತ್ತದೆ. ನೋಡಲು ಬಂದವರದೆಲ್ಲ ಒಂದೇ ಮಾತು, ಪಕ್ಕದ ಮನೆ ವಿಜಯಮ್ಮನದೂ, ಸದ್ಯ ಎಡಗೈ ತಾನೆ ನೀಲಕ್ಕ, ಉಣ್ಣೋ ಕೈ ಉಳೀತಲ್ಲ, ಯಜಮಾನರೂ ಅದನ್ನೇ ಅಂದರು, ಎಡಗೈ ತಾನೆ, ಬುಡು. ಬುಡಬೇಕಂತೆ. ಉಣ್ಣುವ ಕೈ ಉಳಿಯಿತು, ಸರಿ, ಲಿಂಗ ಕೂರುವ ಕೈ? ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಬಲಗೈಯಿಂದ ನೀರೆರೆದು ಕಣ್ತುಂಬ ನೋಡಿದ ಮೇಲೇ ಕಾಫಿ, ಲಂಗ ಉಡುವ ಕಾಲದಿಂದ ಹಾಗೆ, ತವರು ಕಟ್ಟಾಯದ ನಡುಮನೆಯಲ್ಲಿ ದೊಡ್ಡಮ್ಮ ಕಲಿಸಿದ್ದು, ನಿನ್ ಲಿಂಗ ನಿನ್ ಕೈಗೆ ಕಣೆ, ಇನ್ನೊಬ್ರು ಮುಟ್ಟಂಗಿಲ್ಲ. ಈಗ ಲಿಂಗವಿರುವ ಕರಡಿಗೆಯನ್ನು ಬಲಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಕಾಫಿ ಕುಡಿಯುತ್ತೇನೆ, ಕದ್ದು ಕುಡಿದಂತಾಗುತ್ತದೆ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅಂಗೈ ಮೇಲೆ ಮಾಡಿ ಅಂದರು, ಏನಾದ್ರೂ ಇಸ್ಕೊಳ್ಳೋ ಹಾಗೆ, ಮಾಡಿದೆ, ಅರ್ಧ ತಿರುಗಿ ಗೋಡೆ ನೋಡಿಕೊಂಡು ನಿಂತುಬಿಟ್ಟಿತು, ಕೆಲವರಿಗೆ ಪೂರ್ತಿ ಬರಲ್ಲಮ್ಮ, ನೋಡೋಣ — ಆ ನೋಡೋಣ ಎದೆಯ ಮೇಲೆ ಕೂತಿದೆ, ಬಿಸಿನೀರಲ್ಲಿ ಅದ್ದಿ ಅದ್ದಿ ತಿರುಗಿಸುತ್ತೇನೆ, ಜೀವ ಬಾಯಿಗೆ ಬರುತ್ತದೆ, ಅಂಗೈ ಮೇಲೆ ಬರುವುದಿಲ್ಲ. ಇವತ್ತು ಬೆಳಿಗ್ಗೆ ಮೊಂಡು ಧೈರ್ಯ ಮಾಡಿ ಲಿಂಗ ಇಟ್ಟೇಬಿಟ್ಟೆ, ಜಾರಿತು, ಮಡಿಲಿಗೆ ಬಿತ್ತು, ನೆಲಕ್ಕೆ ಬಿದ್ದಿದ್ದರೆ ಏನು ಗತಿ ಶಿವನೇ, ಅತ್ತೆ, ನಾಚಿಕೆಯಿಲ್ಲದೆ ಜೋರಾಗಿ ಅತ್ತೆ. ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದ ಯಜಮಾನರು ಓಡಿ ಬಂದರು, ತಮ್ಮ ಲಿಂಗವನ್ನು ಗೂಟಕ್ಕೆ ನೇತುಹಾಕಿ ಶಿವರಾತ್ರಿಗೊಮ್ಮೆ ನೆನೆಸಿಕೊಳ್ಳುವ ಮಹಾನುಭಾವ, ಮಡಿಲು ನೋಡಿದರು, ನನ್ನ ಕೈ ನೋಡಿದರು, ಬಚ್ಚಲಿಗೆ ಹೋದರು, ನೀರು ಸುರಿದ ಸದ್ದು, ಒದ್ದೆ ಪಂಚೆಯಲ್ಲೇ ಬಂದು ಎದುರು ಚಕ್ಕಳಮಕ್ಕಳ ಹಾಕಿ ಕೂತು ಕೈ ನೀಡಿದರು. ಇಲ್ಲಿಡು, ನಂದೂ ಎಡಗೈಯೇ ಕಣೆ. ಇಡುವುದುಂಟೆ, ಶಾಸ್ತ್ರದಲ್ಲಿದೆಯೆ, ದೊಡ್ಡಮ್ಮ ಇದ್ದಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು, ನಾನು ಅವರ ಮುಖ ನೋಡುತ್ತೇನೆ, ಅವರು ನೋಡುತ್ತಿಲ್ಲ, ಅಂಗೈಯನ್ನೇ ನೋಡುತ್ತಿದ್ದಾರೆ, ತಗ್ಗು ಸಾಕೋ ಇಲ್ಲವೋ ಎಂದು ಬೆರಳು ಇನ್ನಷ್ಟು ಮಡಿಸುತ್ತಿದ್ದಾರೆ — ಇಟ್ಟೆ. ನೀರೆರೆದೆ. ಹಗಲೆಲ್ಲ ಅದೇ, ಕಣ್ಣು ಮುಚ್ಚಿದರೂ ಅದೇ, ನಾರಿನ ಕರೆ ಹಿಡಿದ ಆ ಒರಟು ಅಂಗೈ, ನಡುವೆ ನನ್ನ ಕರಿಯ ಲಿಂಗ, ಸುತ್ತ ನಿಂತ ನೀರು, ಆ ಅಂಗೈ,