ಬೈತಖೋಲದ ಬಂಡೆ

ಚಂದ್ರಾ ಲೇಔಟಿನ ಸಿದ್ದಲಿಂಗೇಶನಿಗೆ ಕೇಳುವವರು ಇಬ್ಬರು ಸಿಕ್ಕರೆ ಸಾಕು, ಮೂರನೆಯವರು ತಾವಾಗಿಯೇ ಬಂದು ನಿಲ್ಲುವಂತೆ ಮಾತಾಡುತ್ತಿದ್ದ. ಇನ್ಶೂರೆನ್ಸ್ ಆಫೀಸಿನ ಕೆಲಸ ಹೊಟ್ಟೆಪಾಡಿಗೆ. ಜೀವವೆಲ್ಲ ಕಾರವಾರದ ಬಂದರಿನ ಮೇಲೆ. ಇಲ್ಲಿ ವಿಜಯನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನ ಬಾಯಲ್ಲಿ ಕಾಳಿ ನದಿಯ ಅಳಿವೆ, ಅರಬ್ಬರ ಹಡಗು, ಇಂಗ್ಲಿಷರ ಕಾಳುಮೆಣಸಿನ ಕೋಠಿ! ಏನು ಋಣಾನುಬಂಧವೋ, ಶಿವನೇ ಬಲ್ಲ.

ಬಡಾವಣೆಯ ಅಕ್ಕನ ಬಳಗದವರು ಹೋದ ತಿಂಗಳು ಕಾರವಾರಕ್ಕೆ ಬಸ್ಸು ಮಾಡಿದಾಗ ಕಥೆ ಹೇಳಲು ಅವನನ್ನೇ ಕರೆದುಕೊಂಡು ಹೋದರು. ಅವನೋ, ಮೈಯೆಲ್ಲ ಬಾಯಾಗಿ ಹೋದ. ಬರುವಾಗ ಮಾತ್ರ ಬಾಯಿಗೆ ಬೀಗ ಬಿದ್ದಿತ್ತು. ಅವತ್ತಿನಿಂದ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿಲ್ಲ.

ಕಾರಣ ಪಕ್ಕದ ಮನೆಯ ಹಾಲವ್ವ. ಗದಗ ಬೆಟಗೇರಿಯ ಮುದುಕಿ, ಮಗಳು ಉಮಾಶ್ರೀಯ ಜೊತೆ ಇರುವವಳು. ಎಂಟನೇ ವಯಸ್ಸಿಗೆ ಗುರು ಕಟ್ಟಿದ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯಲ್ಲಿ ಸದಾ ಎದೆಯ ಮೇಲೆ. ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ಗುಟುಕು ಚಹಾ ಕೂಡ ಕುಡಿದವಳಲ್ಲ. ಆ ಲಿಂಗ ಕಾರವಾರದ ಸಮುದ್ರದ ಪಾಲಾಗಿತ್ತು.

ಆಗಿದ್ದು ಹೀಗೆ. ಬಂದರಿನ ಪಕ್ಕ ಬೈತಖೋಲದ ಸಣ್ಣ ಮರಳುದಂಡೆ. ಹಿಂದೆ ಕಾಡು ಹೊತ್ತ ಗುಡ್ಡ, ಮುಂದೆ ನಡುಗಡ್ಡೆಗಳು, ಮೇಲೆ ಬಿಳಿಯೆದೆಯ ಕಡಲಹದ್ದು. ಸಿದ್ದಲಿಂಗೇಶ ಹೆಂಗಸರನ್ನೆಲ್ಲ ಕೂರಿಸಿಕೊಂಡು, "ನೋಡಿ, ಈ ಗುಡ್ಡ ಮುಂಗಾರಿನ ಗಾಳಿ ತಡೆಯುತ್ತೆ, ಅದಕ್ಕೇ ಅರಬ್ಬರು ಇಲ್ಲಿ ಬಂದು ತಂಗ್ತಿದ್ರು. ಹುಬ್ಬಳ್ಳಿ ಸೀಮೆಯ ಮಗ್ಗದಲ್ಲಿ ನೇಯ್ದ ತೆಳು ಬಟ್ಟೆ ಎತ್ತಿನ ಮೇಲೆ ಘಟ್ಟ ಇಳಿದು ಬಂದು ಇಲ್ಲೇ ಹಡಗು ಹತ್ತಿದ್ದು" ಅಂದ.

ಹಾಲವ್ವ ನೆಟ್ಟಗೆ ಕೂತಳು. "ಮಗ್ಗದ ಬಟ್ಟಿ ಅಂದ್ಯಾ ತಮ್ಮಾ? ನಮ್ಮಪ್ಪನ ಮನ್ಯಾಗೂ ಮಗ್ಗ ಇತ್ತು. ನಮ್ಮ ಹಿರೇರು ನೇಯ್ದದ್ದು ಈ ನೀರಿನ ಮ್ಯಾಲ ಹೋಗಿದ್ದೀತೇನು?"

"ಹೋಗಿರಬಹುದು ಅಮ್ಮ, ಯಾಕಿಲ್ಲ?"

ಅಷ್ಟು ಕೇಳಿದ್ದೇ ತಡ, ಮುದುಕಿಗೆ ಆ ನೀರನ್ನು ಮುಟ್ಟಲೇಬೇಕು ಅನ್ನಿಸಿತು. ಸೀರೆ ಎತ್ತಿ ಕಟ್ಟಿದಳು. ಕೂತವರಿಗೆ ಕೇಳಿಸದಷ್ಟು ದೂರ, ನೀರಂಚಿನ ಬಂಡೆಯತನಕ ಜೊತೆಗೆ ಬಂದ ಸಿದ್ದಲಿಂಗೇಶನೇ, "ಅಮ್ಮ, ಉಪ್ಪು ನೀರು ಬೆಳ್ಳಿ ಕಪ್ಪು ಮಾಡುತ್ತೆ, ಕರಡಿಗೆ ಬಂಡೆ ಮೇಲಿಟ್ಟು ಹೋಗಿ" ಅಂದ.

"ಮೈಮ್ಯಾಲಿಂದ ತಗೀಬಾರದಪಾ ಅದನ್ನ."

"ಒಂದ್ ಗಳಿಗೆ ಅಷ್ಟೇ ಅಲ್ವಾ? ಹೋಗ್ಬನ್ನಿ, ನಾನು ನೋಡ್ಕೋತೀನಿ."

ಅವಳು ಕೆರೆದಂಡೆಯ ಹೆಣ್ಣು. ಅವಳು ಕಂಡ ಕೆರೆಯ ನೀರು ಬೆಳಿಗ್ಗೆ ಯಾವ ಮೆಟ್ಟಿಲಲ್ಲಿತ್ತೋ ಸಂಜೆಯೂ ಅದೇ ಮೆಟ್ಟಿಲಲ್ಲಿ. ಒಣಗಿದ ಬಂಡೆ ಒಣಗಿಯೇ ಇರುತ್ತದೆ ಅಂದುಕೊಂಡು, ಸೆರಗಿನಿಂದ ಒರೆಸಿ, ಕರಡಿಗೆಯನ್ನು ಇಟ್ಟು ನೀರಿಗಿಳಿದಳು. ಆದರೆ ಇವನಿಗೆ ಗೊತ್ತಿತ್ತಲ್ಲ! ಇವನು ಹೆಂಗಸರ ಬಳಿ ಹಿಂದಿರುಗಿ, ಬಂಡೆಗೆ ಬೆನ್ನು ಹಾಕಿ ನಿಂತು ಹೇಳುತ್ತಿದ್ದದ್ದಾದರೂ ಏನು ಅಂತೀರಿ? ಕಾಳಿಯ ಬಾಯಲ್ಲಿ ಮರಳು ದಿಬ್ಬವಿದೆ, ಹಡಗುಗಳು ಒಳಗೆ ಬರಲು ಉಬ್ಬರಕ್ಕಾಗಿ ಕಾಯಬೇಕಿತ್ತು ಅಂತ. ಉಬ್ಬರದ ಕಥೆ ಮುಗಿಸಿ ಚಪ್ಪಾಳೆ ಹೊಡೆಸಿಕೊಂಡು ತಿರುಗಿದರೆ, ಉಬ್ಬರ ಬಂದು ಬಂಡೆ ಮುಳುಗಿತ್ತು.

ಹಾಲವ್ವ ನೀರಲ್ಲಿ ಕೂತು ಎರಡೂ ಕೈಯಲ್ಲಿ ಮರಳು ಬಾಚಿದಳು. "ಇಲ್ಲೇ ಇಟ್ಟಿದ್ದೆ, ಇಲ್ಲೇ ಇಟ್ಟಿದ್ದೆ" ಅಂತ ಒಂದೇ ಸಮನೆ ಗೋಳಾಡಿದಳು. ದಡದ ಹೆಂಗಸರೆಲ್ಲ ಇಳಿದು ಹುಡುಕಿದರೂ ಸಿಗಲಿಲ್ಲ. ಅಂಗಡಿಯ ಕಡೆ ಹೋಗಿದ್ದ ಉಮಾಶ್ರೀ ಓಡಿ ಬಂದು, "ಅಣ್ಣ, ನೀವು ಇಲ್ಲೇ ಇದ್ರಲ್ಲ, ನೋಡಿದ್ರಾ? ಬಂಡೆ ಮೇಲಿಟ್ಟಿದ್ದೆ ಅಂತಾಳೆ" ಅಂದಳು. ಇಡೀ ಬಳಗ ಅವನ ಮುಖ ನೋಡುತ್ತಿತ್ತು. ಈಗಷ್ಟೇ ಚಪ್ಪಾಳೆ ಹೊಡೆದ ಜನ.

"ಕೊರಳಲ್ಲೇ ಹಾಕ್ಕೊಂಡು ನೀರಿಗಿಳಿದ್ರು ಅನ್ಸುತ್ತೆ ಉಮಾ. ದಾರ ಕಿತ್ತಿರಬೇಕು" ಅಂದ.

ಅಂದ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸಿತು. ಕಚ್ಚಿಕೊಳ್ಳಲಿಲ್ಲ. ಹಾಲವ್ವ ಅವನ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಗಾಬರಿಯಿತ್ತು. "ಹೌದೇನು? ನಾ ಕೊರಳಾಗ ಹಾಕ್ಕೊಂಡಿದ್ದೆನೇನು?" ಅಂತ ತನ್ನನ್ನೇ ಕೇಳಿಕೊಂಡಳು.

ಬೆಂಗಳೂರಿಗೆ ಬಂದ ಮೇಲೆ ಶುರುವಾಯಿತು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅಲ್ಲಿ ಲೋಟ ಬಿದ್ದರೆ ಇಲ್ಲಿ ಕೇಳುತ್ತದೆ. "ಲಿಂಗ ಎಲ್ಲಿಟ್ಟೆ ಅನ್ನೋದೇ ನೆನಪಿಲ್ಲ, ನಾಳೆ ಗ್ಯಾಸ್ ಹಚ್ಚಿ ಮರೆತ್ರೆ ಏನೇ ಗತಿ? ಅಡುಗೆಮನೆಗೆ ಕಾಲಿಡಬೇಡ" ಅಂತ ಉಮಾಶ್ರೀಯ ದನಿ. ಕೆಟ್ಟ ಮಗಳಲ್ಲ ಅವಳು, ಹೆದರಿದ ಮಗಳು. ಹೆದರಿಕೆ ಬಾಯಿಗೆ ಬಂದಾಗ ಬೈಗುಳವಾಗುತ್ತಿತ್ತು. ಮುದುಕಿಯನ್ನು ಒಬ್ಬಳೇ ಹೂವಿನಂಗಡಿಗೂ ಬಿಡುವುದನ್ನು ನಿಲ್ಲಿಸಿದಳು. ನಾಗರಬಾವಿಯ ಕಡೆ ಮರೆವಿನ ಡಾಕ್ಟರೊಬ್ಬರಿದ್ದಾರಂತೆ, ಅಲ್ಲಿಗೆ ಹೋಗೋಣ ಅಂತ ಗಂಟುಬಿದ್ದಳು.

ಹಾಲವ್ವ ಒಪ್ಪಲಿಲ್ಲ. "ನನಗ ನೆಪ್ಪೈತಿ. ಬಂಡಿ ಮ್ಯಾಲ ಇಟ್ಟಿದ್ದೆ. ನೋಡ್ಕೋತೀನಿ ಅಂತ ಯಾರೋ ಅಂದ್ರು."

"ಯಾರು ಅಂದ್ರು?"

ಗೋಡೆಯ ಈ ಕಡೆ ಸಿದ್ದಲಿಂಗೇಶ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದ. ಆ ಕಡೆಯಿಂದ ಅವನ ಹೆಸರು ಬರುತ್ತಿರಲಿಲ್ಲ. ಪಕ್ಕದ ಮನೆಯ ಒಳ್ಳೆಯ ಹುಡುಗ ಸುಳ್ಳು ಹೇಳುತ್ತಾನೆ ಅನ್ನುವುದಕ್ಕಿಂತ ತನ್ನ ತಲೆ ಕೆಟ್ಟಿದೆ ಅನ್ನುವುದೇ ಅವಳಿಗೆ ನಂಬಲು ಸುಲಭವಾಗುತ್ತಾ ಬಂತು. ಬಳಗದವರು, "ಮಠಕ್ಕೆ ಹೋಗಿ ಸ್ವಾಮಿಗಳ ಕೈಲಿ ಬೇರೆ ಲಿಂಗ ತಗೊಳ್ಳಿ ಅಮ್ಮ" ಅಂದರೆ, "ಹ್ಯಾಂಗ ಕಳಕೊಂಡೆ ಅಂತ ಕೇಳಿದ್ರ ಏನ್ ಹೇಳ್ಲಿ?" ಅನ್ನುತ್ತಿದ್ದಳು. ಪೂಜೆಯಿಲ್ಲ, ಹಾಗಾಗಿ ಊಟವಿಲ್ಲ. ಮಗಳ ಒತ್ತಾಯಕ್ಕೆ ಹಾಲು, ಬಾಳೆಹಣ್ಣು. ಮುದುಕಿ ದಿನದಿನಕ್ಕೂ ಇಳಿದುಹೋದಳು.

ಹೋಗಿ ನಿಜ ಹೇಳಬಾರದಿತ್ತೇ? ಹೇಳಬೇಕು ಅಂತ ಅವರ ಬಾಗಿಲತನಕ ಹೋದ, ಉಪ್ಪಿಟ್ಟಿನ ವಾಸನೆ ಕುಡಿದು ವಾಪಸ್ಸು ಬಂದ. ದರ್ಶಿನಿಯಲ್ಲಿ ಬಳಗದವರೊಬ್ಬರ ಗಂಡ ಮಧುಕುಮಾರ್ ಸಿಕ್ಕಿ, "ಸಾರ್, ನಮ್ಮ ಮನೆಯವಳು ನಿಮ್ಮ ಕಾರವಾರದ ಕಥೆನೇ ಹೇಳ್ತಾ ಇರ್ತಾಳೆ, ಸೂಪರ್ ಸಾರ್ ನೀವು" ಅಂದಾಗ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಬಿದ್ದ. ಥೂ ನನ್ನ ಜನ್ಮಕ್ಕಿಷ್ಟು, ಅಂದುಕೊಂಡ. ಅಂದುಕೊಂಡು ಅವನು ಮಾಡಿದ್ದೇನು? ಇನ್ನೊಂದು ಹೊಲಸು ಕೆಲಸ.

ರಾಜಾಜಿನಗರದ ಅಂಗಡಿಯಲ್ಲಿ ಒಂದು ಲಿಂಗ, ಒಂದು ಬೆಳ್ಳಿ ಕರಡಿಗೆ ಕೊಂಡ. ಕರಡಿಗೆಯನ್ನು ಉಪ್ಪುನೀರಲ್ಲಿ ನೆನೆಸಿ, ಮರಳಲ್ಲಿ ಉಜ್ಜಿ, ಹಳತು ಮಾಡಿದ. ಬೈತಖೋಲದ ಮೀನುಗಾರರ ಬಲೆಗೆ ಸಿಕ್ಕಿತಂತೆ, ಬಸ್ಸಿನಲ್ಲಿ ಕಳಿಸಿಕೊಟ್ಟರು ಅಂದರಾಯಿತು. ಮುದುಕಿ ಉಣ್ಣುತ್ತಾಳೆ, ಮಗಳು ಸುಮ್ಮನಾಗುತ್ತಾಳೆ, ತಾನೂ ಬಚಾವ್. ಲೆಕ್ಕಾಚಾರ ಸರಿಯಾಗಿಯೇ ಇದೆ ಅಂತ ಅವನಿಗನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಕೊಂಡೊಯ್ದು ಕೊಟ್ಟ. ಉಮಾಶ್ರೀ, "ಅಯ್ಯೋ ಅಣ್ಣ! ಸಿಕ್ತಾ!" ಅಂತ ಕೈಮುಗಿದಳು. ಹಾಲವ್ವ ಕಾಲು ಮುಖ ತೊಳೆದು ಬಂದು, ಮಣೆಯ ಮೇಲೆ ಕೂತು, ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಬೆರಳುಗಳು ಕಲ್ಲಿನ ಸುತ್ತ ಏನನ್ನೋ ಹುಡುಕಿದವು. ಕಣ್ಣು ತೆರೆದಾಗ ನೀರು ತುಂಬಿತ್ತು.

"ಉಮಾ," ಅಂದಳು ಮೆಲ್ಲಗೆ. "ತೂಕ ಬ್ಯಾರೆ ಅನಸ್ತೈತಿ. ನನ್ನ ಶಿವಪ್ಪ ಹಿಂಗ ಇರಲಿಲ್ಲ. ಆದ್ರ ತಮ್ಮ ಖರೇನ ತಂದಾನ, ಅವನ್ಯಾಕ ಸುಳ್ಳು ಹೇಳ್ಯಾನು? ನನ್ನ ಅಂಗೈಗೂ ಮರವು ಬಂತವ್ವಾ. ನೀ ಹೇಳಿದ್ದ ಬರೋಬ್ಬರಿ. ನಾಳೆ ಆ ಡಾಕ್ಟರ್ ಕಡೆ ಹೋಗೂಣು ನಡಿ."

ಸಿದ್ದಲಿಂಗೇಶನಿಗೆ ಎದ್ದು ಹೋಗಲು ಬಾಗಿಲು ತೆರೆದೇ ಇತ್ತು.

"ಅಮ್ಮ, ಅದು ನಿಮ್ಮದಲ್ಲ" ಅಂದ. "ಅಂಗಡಿಯಿಂದ ತಂದೆ. ನಿಮ್ಮದನ್ನ ನೀವು ಬಂಡೆ ಮೇಲೇ ಇಟ್ಟಿದ್ರಿ. ನಾನೇ ಇಡಿ ಅಂದೆ. ನೋಡ್ಕೋತೀನಿ ಅಂದೆ. ನೋಡ್ಲಿಲ್ಲ."

ಉಮಾಶ್ರೀಯ ಕೈಯಲ್ಲಿದ್ದ ವಿಭೂತಿ ಗಟ್ಟಿ ನೆಲಕ್ಕೆ ಬಿತ್ತು. ಸಿದ್ದಲಿಂಗೇಶ ಶಾಪಕ್ಕೆ ತಲೆಬಾಗಿಸಿ ಕೂತ. ಹಾಲವ್ವ ಅವನ ಮಣಿಕಟ್ಟು ಹಿಡಿದಳು. ಉಪವಾಸದ ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಬಂಡಿ ಮ್ಯಾಲ ಇಟ್ಟದ್ದು ಖರೇ?"

"ನಿಜ ಅಮ್ಮ."

"ಸೆರಗಿಲೆ ಒರಸಿ ಇಟ್ಟದ್ದು?"

"ನಿಜ."

"ಇದು ನನ್ನದಲ್ಲಂತ ಗುರುತು ಹಿಡದದ್ದೂ ಖರೇ?"

"ಎಲ್ಲಾ ನಿಜ ಅಮ್ಮ. ನಿಮ್ಮ ತಲೆ ಸರಿಯಾಗೇ ಇದೆ. ನಾನೇ ಕೆಟ್ಟವನು."

ಅವಳು ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಸೆರಗು ಬಾಯಿಗೊತ್ತಿಕೊಂಡಳು. "ಲಿಂಗ ಹೋದ್ರ ಗುರು ಮತ್ತೊಂದು ಕಟ್ಟತಾನ. ನನ್ನ ಬುದ್ಧಿನ ಕಸಗೊಂಡಿದ್ದೆಲ್ಲೋ ತಮ್ಮಾ, ಅದನ್ನ ಯಾರು ಕೊಡತಿದ್ರು?" ಅಂದಳು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗಿಟ್ಟು ಅವನ ಕೈಗೆ ಕೊಟ್ಟಳು. "ಶಿವಂದೇನೂ ತಪ್ಪಿಲ್ಲ. ಆದ್ರ ಇದು ನನಗ ಬ್ಯಾಡ. ನಾಳೆ ಬಳಗ ಕೂಡತೈತಿ. ಎಲ್ಲಾರೂ ನನ್ನ ಅಯ್ಯೋ ಪಾಪ ಅಂತ ನೋಡ್ಯಾರ. ಅಲ್ಲಿ ಬಂದು ನಿಂತು ಹೇಳು."

"ಬರ್ತೀನಿ ಅಮ್ಮ."

"ಈಗ ಹೋಗು. ನೀ ಕುಂತಿದ್ರ ನನಗೇನೂ ಸೇರೂದಿಲ್ಲ."

ಅವನು ಚಪ್ಪಲಿ ಮೆಟ್ಟುವಾಗ ಉಮಾಶ್ರೀ ಬಾಗಿಲಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡ; ಬೈದಿದ್ದರೆ ಚೆನ್ನಾಗಿತ್ತು.

"ಅಣ್ಣ, ಇಷ್ಟು ದಿನ ನಾನು ಅವಳಿಗೆ ಏನೇನಂದೆ ಗೊತ್ತಾ ನಿಮಗೆ?"

ಒಂದೇ ಗೋಡೆಯ ಮನೆ. ಒಂದು ಮಾತೂ ಬಿಡದಂತೆ ಕೇಳಿಸಿಕೊಂಡಿದ್ದ.

"ಗೊತ್ತು ಉಮಾ" ಅಂದ.