ಪ್ರಾಣಿ ಕಂಡುಬಂದಿದೆ

ಕ್ಯಾಮೆರಾ ತಂದದ್ದು ನಾನೇ. ಅತ್ತೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ, ಅವರೊಬ್ಬರನ್ನೇ ಬಿಟ್ಟು ಇಸ್ತ್ರಿ ಅಂಗಡಿಗೆ ಹೋಗಲು ಎದೆ ಪುಕಪುಕ ಎನ್ನುತ್ತಿತ್ತು. ಮೂಳೆಯೇನೋ ಕೂಡಿಕೊಂಡಿತು, ಅವರು ಮಾತ್ರ ಬಾಗಿದವರು ಬಾಗಿಯೇ ಉಳಿದರು. ಕುರ್ಚಿ ಹಿಡಿದು, ಗೋಡೆ ಹಿಡಿದು, ನೆಲ ನೋಡಿಕೊಂಡೇ ಓಡಾಟ. "ಈಗ ಬೆನ್ನು ನೆಟ್ಟಗೆ ಮಾಡದೇ ಹೋದ್ರೆ ಇನ್ನು ಯಾವತ್ತೂ ಆಗಲ್ಲ" ಎಂದು ಡಾಕ್ಟರು ಎಚ್ಚರಿಸಿದ್ದರು. ಅದನ್ನೇ ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಡ್ರಿಲ್ ಟೀಚರ್ ಆಗಿ ಶಾಲೆಗೆ ಶಾಲೆಯನ್ನೇ ನೆಟ್ಟಗೆ ನಿಲ್ಲಿಸಿದ ಮಹಾತಾಯಿಗೆ ಸೊಸೆಯ ಮಾತು ಕಿವಿಗೆ ಬೀಳಬೇಕಲ್ಲ.

ಗಂಡ ಏಣಿ ಹಿಡಿದ. ನಮ್ಮ ಮನೆಯಲ್ಲಿ ಹಿಡಿಯುವುದು ಅವನ ಕೆಲಸ, ಹತ್ತುವುದು ನನ್ನದು. ಬಾಗಿಲ ಮೇಲೆ ತೂತು ಕೊರೆದು ಕ್ಯಾಮೆರಾ ಕೂರಿಸಿದೆ. ವೈಫೈ ಅಲ್ಲಿಯವರೆಗೆ ಎಟುಕಲಿಲ್ಲ. ಅದರ ಡಬ್ಬಿಯನ್ನು ಕಪಾಟಿನಿಂದ ಕಿಟಕಿಗೆ ತಂದಿಟ್ಟ ಮೇಲೆ ನಮ್ಮ ಜಗಲಿ ಫೋನಿನಲ್ಲಿ ಕಾಣಿಸಿತು. ಕಂಪನಿಯ ಪಾಸ್‌ವರ್ಡ್ ಬದಲಿಸಿ, ಭಾಷೆ ಕನ್ನಡ ಮಾಡಿ, ಯಾರಾದರೂ ಅಲುಗಾಡಿದರೆ ಫೋನಿಗೆ ತಿಳಿಸುವಂತೆ ಹೊಂದಿಸಿದೆ.

"ನನ್ನ ಕಾಯೋಕೆ ಪೊಲೀಸ್ ಇಟ್ಯಾ?" ಎನ್ನುತ್ತಾ ಅತ್ತೆ ಜಗಲಿಗೆ ಬಂದರು.

ಫೋನು ಟಣ್ ಎಂದಿತು. "ಪ್ರಾಣಿ ಕಂಡುಬಂದಿದೆ" ಎಂದು ಗಂಡ ಗಟ್ಟಿಯಾಗಿ ಓದಿಬಿಟ್ಟ. ಅವನಿಗೆ ಬಾಯಿ ಮೊದಲು, ಬುದ್ಧಿ ಆಮೇಲೆ.

"ಎಲ್ಲಿ, ನಾಯಿ ಬಂತಾ?" ಅತ್ತೆ ಸುತ್ತ ನೋಡಿದರು. ಗಂಡ ಫೋನನ್ನು ಬೆನ್ನ ಹಿಂದೆ ಸರಿಸಿದ. "ನಾನಾ?" ಎಂದರು.

"ಅದಕ್ಕೇನ್ ಗೊತ್ತು ಬಿಡಿ ಅತ್ತೆ, ಬಗ್ಗಿ ನಡೆಯೋದೆಲ್ಲ ಅದಕ್ಕೆ ಪ್ರಾಣಿನೇ" ಎಂದೆ. ಸಮಾಧಾನ ಮಾಡಲು ಹೋಗಿ ಗಾಯದ ಮೇಲೆ ಬರೆ ಎಳೆದಂತಾಯಿತು.

"ಕಿತ್ತು ಬಿಸಾಕು ಅದನ್ನ" ಎಂದು ಅತ್ತೆ ಕೋಣೆ ಸೇರಿದರು. ಊಟಕ್ಕೆ ಕರೆದರೂ ಮುಖ ಕೊಟ್ಟು ಮಾತಾಡಲಿಲ್ಲ. ನನಗೆ ಅಳುವೇ ಬಂತು. ಭಾನುವಾರ ತೆಗೆಯುತ್ತೇನೆಂದು ಒಪ್ಪಿಕೊಂಡೆ.

ಆ ವಾರವಿಡೀ ಅಂಗಡಿಯಲ್ಲಿ ಫೋನು ಟಣ್ ಟಣ್ ಎನ್ನುತ್ತಲೇ ಇತ್ತು. ಪ್ರಾಣಿ ಕಂಡುಬಂದಿದೆ. ಪ್ರಾಣಿ ಕಂಡುಬಂದಿದೆ. ಅತ್ತೆಯಂತೂ ಮುನಿಸಿಕೊಂಡು ಕೋಣೆ ಬಿಟ್ಟು ಬರುವವರಲ್ಲ, ಪಕ್ಕದ ಮನೆಯ ಬೆಕ್ಕಿರಬೇಕು ಎಂದುಕೊಂಡೆ. ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದವಳಿಗೆ ಬೆಕ್ಕು ನೋಡಲು ಪುರುಸೊತ್ತೆಲ್ಲಿ?

ಶನಿವಾರ ಮತ್ತೆ ಟಣ್ ಎಂದಿತು. ಕಣ್ಣು ಹಾಯಿಸಿದೆ. "ವ್ಯಕ್ತಿ ಕಂಡುಬಂದಿದ್ದಾರೆ."

ಅತ್ತೆ ಒಬ್ಬರೇ ಇದ್ದಾರೆ, ಯಾರು ನುಗ್ಗಿದರೋ. ಪೆಟ್ಟಿಗೆ ಬದಿಗಿಟ್ಟು ಫೋನು ತೆರೆದೆ.

ಜಗಲಿಯ ನಡುವೆ ಅತ್ತೆ. ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈ ತೊಡೆಗೆ ಅಂಟಿದೆ. ಎದೆ ಮುಂದೆ, ಗದ್ದ ಮೇಲೆ. ಮಂಡಿ ಗಡಗಡ ನಡುಗುತ್ತಿದೆ. ಕಣ್ಣು ಮಾತ್ರ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದೆ.

"ಈಗ ಏನನ್ನುತ್ತೆ ನಿನ್ನ ಯಂತ್ರ?" ಫೋನಿನಿಂದ ಅವರ ದನಿ ಬಂತು.

ಮಾತಾಡುವ ಗುಂಡಿ ಒತ್ತಿದೆ. "ವ್ಯಕ್ತಿ ಅನ್ನುತ್ತೆ ಅತ್ತೆ. ಕಂಡುಬಂದಿದ್ದಾರೆ ಅಂತ ಮರ್ಯಾದೆ ಬೇರೆ ಕೊಟ್ಟಿದೆ."

"ಹಾಗೆ ದಾರಿಗೆ ಬರ್ಲಿ. ನಾಳೆ ಕೀಳೋದೇನೂ ಬೇಡ, ಇರ್ಲಿ." ಸ್ವಲ್ಪ ಉಸಿರು ಎಳೆದುಕೊಂಡರು. "ನೀನು ಬಗ್ಗಿಕೊಂಡು ಮಾತಾಡ್ತಿದೀಯ, ದನಿಯಲ್ಲೇ ಗೊತ್ತಾಗುತ್ತೆ. ನೆಟ್ಟಗೆ ನಿಲ್ಲು."

ಮೇಜಿನ ಮೇಲೆ ಬಾಗಿದ್ದವಳು ಕಣ್ಣೊರೆಸಿಕೊಂಡು ನೆಟ್ಟಗೆ ನಿಂತೆ.